ತೋಟ ಕಾಯುವ ಕೋವಿಗೆ ಲೈಸೆನ್ಸ್: ಅರ್ಜಿಯಿಂದ ತರಬೇತಿಯವರೆಗೆ

ಗದ್ದೆಗೆ ಹಂದಿ, ತೋಟಕ್ಕೆ ಮಂಗ ನುಗ್ಗಿದ ವರ್ಷ ಯಾರಾದರೊಬ್ಬರು ನಮ್ಮ ಜಗಲಿಗೆ ಬಂದೇ ಬರುತ್ತಾರೆ. ಅಪ್ಪಯ್ಯನ ಕೋವಿ ನನ್ನ ಹೆಸರಿಗೆ ಆದ ಮೇಲೆ ಊರಲ್ಲಿ ಈ ಅರ್ಜಿಗಳನ್ನು ತುಂಬಿಸುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಬಂದವರ ಮೊದಲ ಪ್ರಶ್ನೆ ಒಂದೇ: "ಅಕ್ಕಾ, ಲೈಸೆನ್ಸ್ ಆದ್ರೆ ಹಂದಿ ಹೊಡೀಬಹುದಲ್ವಾ?"

ಇಲ್ಲ. ಕೋವಿ ಇಟ್ಟುಕೊಳ್ಳಲು ಅನುಮತಿ ಕೊಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಪ್ರಾಣಿ ಹೊಡೆಯುವುದನ್ನು ತಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಎರಡೂ ಬೇರೆ ಬೇರೆ. ಡಿ.ಸಿ. ಸಹಿ ಹಾಕಿದ ಲೈಸೆನ್ಸ್ ಕಿಸೆಯಲ್ಲಿದ್ದರೂ ಕಾಡುಪ್ರಾಣಿ ಹೊಡೆದರೆ ಅದು ಅಪರಾಧವೇ. ಕಾಟಿ (ಕಾಡುಕೋಣ), ಆನೆ, ನವಿಲಿನಂಥ, ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯ ಜೀವಿಗಳಾದರೆ ಕನಿಷ್ಠ 3 ವರ್ಷ ಜೈಲು, 7 ವರ್ಷದವರೆಗೂ ಹೋಗಬಹುದು. ಹಂದಿ ಈಗ ಎರಡನೇ ಪಟ್ಟಿಯಲ್ಲಿದೆ. ಬೆಳೆ ಹಾಳು ಮಾಡುತ್ತಿದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬಹುದು. ಮುಖ್ಯ ವನ್ಯಜೀವಿ ಪರಿಪಾಲಕರೋ, ಅವರು ಅಧಿಕಾರ ಕೊಟ್ಟ ಅಧಿಕಾರಿಯೋ ಕಾರಣ ಬರೆದು ಲಿಖಿತ ಆದೇಶ ಕೊಟ್ಟರೆ ಮಾತ್ರ ಹೊಡೆಯಬಹುದು. ಬಾಯಿಮಾತಿನ ಒಪ್ಪಿಗೆ ಲೆಕ್ಕಕ್ಕಿಲ್ಲ. ಜೀವ ಉಳಿಸಿಕೊಳ್ಳಲು ಹೊಡೆದರೆ ತಪ್ಪಿಲ್ಲ, ಆದರೆ ಸತ್ತ ಪ್ರಾಣಿ ಸರ್ಕಾರದ ಸೊತ್ತು. ಶಿಕಾರಿ ಆಸೆಯಿಂದ ಬಂದವರಿಗೆ ನಾನು ಇಷ್ಟು ಹೇಳಿ ಕಾಫಿ ಕೊಟ್ಟು ಕಳಿಸುತ್ತೇನೆ.

ಮತ್ತೆ ಕೋವಿ ಯಾಕೆ? ಸದ್ದಿಗೆ. ನಮ್ಮ ಕಡೆ ಕೇಪಿನ ಕೋವಿಗೆ (ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪು ಇಡುವ ಕೋವಿ) ಚರೆ, ಅಂದರೆ ಸಣ್ಣ ಗುಂಡು, ಹಾಕದೆ ಬರೀ ಮದ್ದು ತುಂಬಿ ಒಂದು ಈಡು ಹಾರಿಸಿದರೆ ಹಂದಿ ಹಿಂಡು ಆ ರಾತ್ರಿಗೆ ಗದ್ದೆ ಬಿಡುತ್ತದೆ. ತೋಟದ ಬೇಲಿಗೆ ಕರೆಂಟ್ ಕೊಡುವುದು, ಉರುಳು ಹಾಕುವುದು, ಸಿಡಿಮದ್ದು ಇಡುವುದಕ್ಕಿಂತ ಇದು ಎಷ್ಟೋ ಮೇಲು. ಅವುಗಳಿಗೆ ಹುಲ್ಲಿಗೆ ಹೋದವರೂ ಬಲಿಯಾಗುತ್ತಾರೆ.

ಈಗ ಅರ್ಜಿ ವಿಷಯ. 21 ವರ್ಷ ತುಂಬಿರಬೇಕು. ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ತೋಟಾ (ಕಾರ್ಟ್ರಿಜ್) ಕೋವಿ. ರೈತರು ಹೆಚ್ಚಾಗಿ ಕೇಳುವುದು ಇವೆರಡನ್ನೇ. ಆಸ್ತಿ ಕಡಿಮೆ ಇದೆ ಅನ್ನುವ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ಕಾಯ್ದೆಯಲ್ಲೇ ಹಾಗೆ ಬರೆದಿದೆ. ಒಂದೆಕರೆ ಗದ್ದೆಯವರೂ ಧೈರ್ಯವಾಗಿ ಅರ್ಜಿ ಹಾಕಿ.

ಅರ್ಜಿಗೆ ಮುಂಚೆ ಒಂದು ವಿಷಯ ವಿಚಾರಿಸಿಕೊಳ್ಳಿ: ನಿಮ್ಮ ಮನೆ ಅಭಯಾರಣ್ಯದಿಂದ ಎಷ್ಟು ದೂರ? 10 ಕಿಲೋಮೀಟರ್ ಒಳಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಹೊಸ ಲೈಸೆನ್ಸ್ ಕೊಡುವಂತಿಲ್ಲ. ಮಲೆನಾಡಿನಲ್ಲಿ ಎಷ್ಟೋ ಅರ್ಜಿ ವರ್ಷಗಟ್ಟಲೆ ಕೂರುವುದು ಇಲ್ಲೇ. ಹಾಗಾಗಿ ಅರಣ್ಯ ಇಲಾಖೆಯ ಕಡತ ಎಲ್ಲಿದೆ ಅಂತ ಬೇರೆಯಾಗಿ ಹಿಂಬಾಲಿಸಬೇಕು.

ಅರ್ಜಿ ನಮೂನೆ ಎ-1. ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ಬೆಂಗಳೂರು ನಗರದಲ್ಲಾದರೆ ಪೊಲೀಸ್ ಕಮಿಷನರ್. ಆಧಾರ್, ವಯಸ್ಸಿನ ದಾಖಲೆ, ಫೋಟೋ, ಬೆಳೆ ರಕ್ಷಣೆಗಾದರೆ ಪಹಣಿ. ಜೊತೆಗೆ ಎಂ.ಬಿ.ಬಿ.ಎಸ್. ಡಾಕ್ಟರ ಸರ್ಟಿಫಿಕೇಟ್ ಬೇಕು. ದೇಹದ ಆರೋಗ್ಯವಷ್ಟೇ ಅಲ್ಲ, ಮನಸ್ಸಿನ ಆರೋಗ್ಯದ ಬಗ್ಗೆಯೂ ಅವರು ಬರೆಯಬೇಕು. ಇದನ್ನು ಶಾಸ್ತ್ರಕ್ಕೆ ಮಾಡಿಸಬೇಡಿ. ಮನೆಯಲ್ಲಿ ಕುಡಿದು ಗಲಾಟೆ ಮಾಡುವವರು, ಖಿನ್ನತೆಯಲ್ಲಿ ಒದ್ದಾಡುತ್ತಿರುವವರು ಇದ್ದರೆ ಕೋವಿ ಬೇಡವೇ ಬೇಡ. ಹಂದಿ ತಿಂದ ಭತ್ತವನ್ನು ಮುಂದಿನ ವರ್ಷ ಬೆಳೆಯಬಹುದು.

ಆಮೇಲೆ ಠಾಣೆಯಿಂದ ವಿಚಾರಣೆಗೆ ಬರುತ್ತಾರೆ. ಕೋವಿ ಎಲ್ಲಿ ಇಡುತ್ತೀರಿ ಅಂತ ಕೇಳಿದರೆ ತೋರಿಸಲು ಬೀಗ ಇರುವ ಕಬ್ಬಿಣದ ಬೀರು ತಯಾರಿರಲಿ. ಅರ್ಜಿ ತಿರಸ್ಕರಿಸಿದರೆ ಸಾಮಾನ್ಯವಾಗಿ ಕಾರಣ ಬರೆದಿಡಬೇಕು. ಅದರ ಪ್ರತಿ ಕೇಳಿ ಪಡೆಯಿರಿ, ಮೇಲ್ಮನವಿಗೆ ಅದೇ ಆಧಾರ.

ತರಬೇತಿ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತವೆ. ಎಸ್-1 ನಮೂನೆಯ ಸರ್ಟಿಫಿಕೇಟ್ ಅದರದ್ದೇ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ, ಡಿ.ಎ.ಆರ್. (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್) ಮೈದಾನದಲ್ಲಿ ಕೇಳಿ. "ನಾನು ಚಿಕ್ಕಂದಿನಿಂದ ಕೋವಿ ಹಿಡಿದವನು, ನನಗ್ಯಾಕೆ" ಅನ್ನುವವರನ್ನು ನಾನು ಮೊದಲು ಕಳಿಸುತ್ತೇನೆ.

ಜೋಡು ನಳಿಗೆಯ ಕೋವಿ ಕೈಗೆ ಬಂದ ಕೂಡಲೇ ಮಾಡಬೇಕಾದ್ದು ಇಷ್ಟು. ನಳಿಗೆ ನೆಲದ ಕಡೆ, ಬೆರಳು ಟ್ರಿಗರ್‌ನಿಂದ ಹೊರಗೆ. ಮೇಲಿನ ಲಿವರನ್ನು ಹೆಬ್ಬೆರಳಲ್ಲಿ ಬಲಕ್ಕೆ ಒತ್ತಿ ಕೋವಿಯನ್ನು ಬಗ್ಗಿಸಿ. ತೋಟಾ ಕೂರುವ ಎರಡೂ ಗೂಡು ಖಾಲಿ ಇದೆಯಾ ಕಣ್ಣಲ್ಲಿ ನೋಡಿ, ಕತ್ತಲಿದ್ದರೆ ಬೆರಳು ಹಾಕಿ ನೋಡಿ. ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿ. ಮಳೆಗಾಲ ಕಳೆದು ಹೊರತೆಗೆದ ಕೋವಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಅದನ್ನು ನೋಡದೆ ಹಾರಿಸಿದರೆ ನಳಿಗೆಯೇ ಸಿಡಿದು ಕೈ ಹೋಗುತ್ತದೆ. ಕೊಟ್ಟವರು "ಖಾಲಿ ಇದೆ" ಅಂದರೂ ನೀವು ತೆಗೆದು ನೋಡಬೇಕು. ಅವರಿಗೆ ಬೇಜಾರಾದರೆ ಆಗಲಿ.

ಕೇಪಿನ ಕೋವಿಯಲ್ಲಿ ಹೀಗೆ ತೆಗೆದು ನೋಡಲು ಬರುವುದಿಲ್ಲ. ಮೊದಲು ಕೇಪು ತೆಗೆಯಿರಿ. ಮದ್ದು ಜಡಿಯುವ ಕೋಲನ್ನು ನಳಿಗೆಗೆ ಇಳಿಸಿ. ಖಾಲಿ ಇದ್ದಾಗ ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿ ಕೋಲಿನ ಮೇಲೆ ಒಂದು ಗುರುತು ಮಾಡಿಟ್ಟಿರಬೇಕು. ಗುರುತು ನಳಿಗೆಯ ಬಾಯಿಗಿಂತ ಮೇಲೇ ನಿಂತರೆ ಒಳಗೆ ಹಳೇ ಈಡು ಕೂತಿದೆ ಅಂತ ಅರ್ಥ. ಇದನ್ನೆಲ್ಲ ಮಾಡುವಾಗ ಮುಖ, ಎದೆ ನಳಿಗೆಯ ಬಾಯಿಗೆ ನೇರ ಬರಬಾರದು.

ತೋಟಾಗಳನ್ನು ಬೆರೆಸಿಡಬೇಡಿ. ಸಣ್ಣ ಅಳತೆಯ 20 ಬೋರಿನ ತೋಟಾ ದೊಡ್ಡ ಅಳತೆಯ 12 ಬೋರಿನ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಗೂಡು ಖಾಲಿ ಅಂದುಕೊಂಡು ಹಿಂದೆ ಇನ್ನೊಂದು ಹಾಕಿ ಹಾರಿಸಿದರೆ ಮುಗಿಯಿತು. ಬೇಲಿಯ ದಣಪೆ ದಾಟುವಾಗ, ಹಳ್ಳದ ಸಂಕ ದಾಟುವಾಗ, ಜೀಪು ಹತ್ತುವಾಗ ತೋಟಾ ಹೊರಗೆ ತೆಗೆದಿರಬೇಕು. ರಾತ್ರಿ ಗದ್ದೆಯಲ್ಲಿ ಸರಸರ ಸದ್ದಾದ ಕಡೆಗೆ ಗುರಿ ಇಡಬಾರದು. ಟಾರ್ಚ್ ಬೆಳಕಲ್ಲಿ ಪೂರ್ತಿ ಕಾಣದ ಯಾವುದಕ್ಕೂ ಕೋವಿ ಎತ್ತಬಾರದು. ಅಲ್ಲಿ ನೀರು ತಿರುಗಿಸಲು ಬಂದ ಪಕ್ಕದ ಮನೆಯ ಅಣ್ಣ ಇರಬಹುದು.

ಲೈಸೆನ್ಸ್ ಬಂದಾಗ ಅದರಲ್ಲಿ ನಿಮ್ಮ ವಿಶಿಷ್ಟ ಸಂಖ್ಯೆ ಇದೆಯಾ, ಕೋವಿಯ ನಂಬರ್ ಸರಿಯಿದೆಯಾ ನೋಡಿಕೊಳ್ಳಿ. 2019ರ ತಿದ್ದುಪಡಿಯ ನಂತರ ಅವಧಿ 5 ವರ್ಷ, ಒಬ್ಬರಿಗೆ ಎರಡೇ ಬಂದೂಕು. ಮದುವೆ ಮನೆಯಲ್ಲಿ ಖುಷಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ 2029ರ ಅಕ್ಟೋಬರ್ 31ರವರೆಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಅದನ್ನು ನೋಡಿ ಪಕ್ಕದ ಜಿಲ್ಲೆಯವರು ನಮಗೂ ಇದೆ ಅಂದುಕೊಳ್ಳಬೇಡಿ.

ಮನೆಯಲ್ಲಿ ಹಿರಿಯರ ಕೋವಿ ಇದ್ದರೆ ಅವರು ಇರುವಾಗಲೇ ಹೆಸರು ಬದಲಾಯಿಸಿಕೊಳ್ಳಿ. ಅವರಿಗೆ 70 ತುಂಬಿದ್ದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, ತಾವೇ ಸೂಚಿಸಿದ ವಾರಸುದಾರರಿಗೆ ಕೊಡಲು ನಿಯಮದಲ್ಲಿ ಅವಕಾಶವಿದೆ. ಮಗಳಿಗೂ ಕೊಡಬಹುದು, ನನಗೆ ಬಂದದ್ದು ಹಾಗೆಯೇ. ವಾರಸುದಾರರೂ ಅರ್ಜಿ, ಡಾಕ್ಟರ ಸರ್ಟಿಫಿಕೇಟ್ ಎಲ್ಲ ಕೊಡಲೇಬೇಕು. ಹಿರಿಯರು ತೀರಿಕೊಂಡಿದ್ದರೆ ಕೋವಿಯನ್ನು ಅಟ್ಟದ ಮೇಲೆ ಸುಮ್ನೆ ಇಟ್ಟುಕೊಳ್ಳುವಂತಿಲ್ಲ. ಠಾಣೆಗೋ, ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಿ, ರಸೀತಿ ಪಡೆದು, ಆಮೇಲೆ ಅರ್ಜಿ ಹಾಕಿ.

ಚುನಾವಣೆ ಬಂದಾಗ ಕೋವಿ ಠಾಣೆಗೆ ಕೊಡಿ ಅಂತ ಸೂಚನೆ ಬರುತ್ತದೆ. ಬೆಳೆ ಕಾಯಲು ಬೇಕೇಬೇಕು ಅನ್ನುವವರು ಕಾರಣ ಬರೆದು, ಪಹಣಿ ಲಗತ್ತಿಸಿ, ಜಿಲ್ಲೆಯ ಪರಿಶೀಲನಾ ಸಮಿತಿಗೆ ವಿನಾಯಿತಿ ಕೇಳಬಹುದು. ಕೊಡುವುದಾದರೆ ಕೋವಿ ನಂಬರ್ ಬರೆದ ರಸೀತಿ ಕೈಗೆ ಬರುವವರೆಗೆ ಠಾಣೆಯಿಂದ ಹೊರಡಬೇಡಿ. ವಾಪಸ್ ತಂದ ದಿನ ಎಣ್ಣೆ ಬಟ್ಟೆಯಿಂದ ಒರೆಸಿ, ನಳಿಗೆಯೊಳಗೆ ತುಕ್ಕು ಹಿಡಿದಿದೆಯಾ ನೋಡಿ ಬೀರುವಿಗೆ ಇಡಿ. ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ.