ಹಾಡು, ಪ್ಲೇಯರ್, ನೆಟ್: ಮೂರಕ್ಕೂ ಒಂದೇ ಲೆಕ್ಕ

ಅಜ್ಜಿ ಕತೆ ಹೇಳುವುದನ್ನು ಒಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. 40 ನಿಮಿಷದ ವೇವ್ ಫೈಲ್ (ದನಿಯನ್ನು ಕುಗ್ಗಿಸದೆ ಇಡುವ ಫೈಲ್), ಸುಮಾರು 420 ಎಂಬಿ. ಕೆಲವು ತಿಂಗಳಾದ ಮೇಲೆ ಫೋನಿನಲ್ಲಿ ಜಾಗ ಸಾಲದೆ ಅದನ್ನು ಎಂಪಿ3 ಮಾಡಿದೆ. ಕ್ವಾಲಿಟಿ ಎಷ್ಟಿರಲಿ ಎಂದು ಆ್ಯಪ್ ಕೇಳಿದಾಗ ಎಲ್ಲಕ್ಕಿಂತ ಚಿಕ್ಕ ಸಂಖ್ಯೆ ಒತ್ತಿದೆ: 32 ಕೆಬಿಪಿಎಸ್. ಫೈಲ್ 10 ಎಂಬಿಗಿಂತ ಕೆಳಗೆ ಇಳಿಯಿತು. ಮೂಲ ಫೈಲನ್ನು ಡಿಲೀಟ್ ಮಾಡಿಬಿಟ್ಟೆ.

ಅಜ್ಜಿ ತೀರಿಕೊಂಡ ಮೇಲೆ ಒಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿದೆ. ಕೊಡದೊಳಗೆ ಮಾತಾಡಿದ ಹಾಗಿತ್ತು. ಅವರು 'ಸ' ಎಂದರೋ 'ಶ' ಎಂದರೋ ತಿಳಿಯುತ್ತಿರಲಿಲ್ಲ. ಅದನ್ನೇ ಮತ್ತೆ ವೇವ್‌ಗೆ ಬದಲಾಯಿಸಿ ನೋಡಿದೆ. ಫೈಲ್ ದೊಡ್ಡದಾಯಿತು, ದನಿ ಹಾಗೇ ಉಳಿಯಿತು.

ಅವತ್ತಿನಿಂದ ಈ ಕೆಬಿಪಿಎಸ್ ಅಂದರೆ ಏನು ಅಂತ ಕೂತು ಕಲಿತೆ. ಒಂದು ಸೆಕೆಂಡಿಗೆ ಎಷ್ಟು ಸಾವಿರ ಬಿಟ್ ಎಂಬುದೇ ಅದು. ಬಿಟ್ ಅಂದರೆ ಒಂದು 0 ಅಥವಾ 1; 8 ಬಿಟ್ ಸೇರಿದರೆ ಒಂದು ಬೈಟ್, ಫೈಲ್ ಗಾತ್ರದ ಕೆಬಿ, ಎಂಬಿ ಬೈಟ್ ಲೆಕ್ಕದವು. ಫೈಲ್ ಎಷ್ಟು ದೊಡ್ಡದು, ಪ್ಲೇಯರ್ ಏನು ಮಾಡುತ್ತಿದೆ, ನೆಟ್ ಸಾಕಾಗುತ್ತದೋ ಇಲ್ಲವೋ, ಈ ಮೂರೂ ಪ್ರಶ್ನೆಗೆ ಆ ಒಂದು ಸಂಖ್ಯೆಯಿಂದಲೇ ಶುರು ಮಾಡಬಹುದು. ಹೊಸದಾಗಿ ಕಲಿಯುವವರು ಬೇರೆ ಎಲ್ಲ ಪದ ಬಿಟ್ಟು ಮೊದಲು ಇದನ್ನು ಹಿಡಿದುಕೊಳ್ಳಿ.

ಸಂಖ್ಯೆ ಎಲ್ಲಿಂದ ಬರುತ್ತದೆ

ಕಂಪ್ಯೂಟರಿಗೆ ದನಿ ಅಂದರೆ ಅಳತೆಗಳ ಸಾಲು. 1982ರಲ್ಲಿ ಮಾರುಕಟ್ಟೆಗೆ ಬಂದ ಆಡಿಯೋ ಸಿಡಿಯಲ್ಲಿ ಒಂದು ಸೆಕೆಂಡಿನ ದನಿಯನ್ನು 44,100 ಸಲ ಅಳೆಯುತ್ತಾರೆ. ನಮ್ಮ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನದವರೆಗೆ ಕೇಳುತ್ತದೆ. ಅದನ್ನು ಸರಿಯಾಗಿ ಹಿಡಿಯಲು ಅದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಸಲ ಅಳೆಯಬೇಕು. ಒಂದೊಂದು ಅಳತೆ 16 ಬಿಟ್. ಎಡ, ಬಲ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್, ಅಂದರೆ 1,411 ಕೆಬಿಪಿಎಸ್. ಒಂದು ನಿಮಿಷಕ್ಕೆ 10 ಎಂಬಿಗೂ ಸ್ವಲ್ಪ ಹೆಚ್ಚು. ಅಜ್ಜಿಯ ಫೈಲ್ 420 ಎಂಬಿ ಇದ್ದದ್ದು ಇದಕ್ಕೇ.

ಎಂಪಿ3 ಇಲ್ಲಿ ಒಂದು ಜಾಣತನ ಮಾಡುತ್ತದೆ. ಫ್ಯಾನ್ ಜೋರಾಗಿ ತಿರುಗುವಾಗ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುವುದಿಲ್ಲ, ಅಲ್ವಾ? ಜೋರಾದ ದನಿ ಪಕ್ಕದ ಸಣ್ಣ ದನಿಯನ್ನು ಮುಚ್ಚಿಬಿಡುತ್ತದೆ. ಹೀಗೆ ಕಿವಿಗೆ ಹೇಗೂ ಬೀಳದ ಭಾಗವನ್ನು ಹುಡುಕಿ ಎಂಪಿ3 ಎಸೆಯುತ್ತದೆ. 320 ಕೆಬಿಪಿಎಸ್ ಕೊಟ್ಟರೆ ಎಸೆದದ್ದು ಗೊತ್ತಾಗುವುದೇ ಕಷ್ಟ. 128ಕ್ಕೆ ಬಂದರೆ ತಾಳದ ಝಣ್ ಎನ್ನುವ ಮೇಲಿನ ದನಿ ಸ್ವಲ್ಪ ಮಂಕಾಗುತ್ತದೆ. 32ಕ್ಕೆ ಇಳಿಸಿದರೆ ಕಿವಿಗೆ ಬೇಕಾದದ್ದನ್ನೂ ಎಸೆಯದೆ ಅದಕ್ಕೆ ಬೇರೆ ದಾರಿ ಇಲ್ಲ. ಮೊದಲು ಹೋಗುವುದು ಮೇಲಿನ ಕಂಪನಗಳು. 'ಸ', 'ಶ' ಅಕ್ಷರಗಳ ಗುರುತು ಇರುವುದೇ ಅಲ್ಲಿ.

ಎಸೆದದ್ದು ಮತ್ತೆ ಬರುವುದಿಲ್ಲ. 128ರ ಎಂಪಿ3 ತೆಗೆದುಕೊಂಡು 320 ಮಾಡಿದರೆ ಜಾಗ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಎಂಪಿ3ಯನ್ನು ಕತ್ತರಿಸಿ, ಜೋಡಿಸಿ ಮತ್ತೆ ಎಂಪಿ3 ಆಗಿ ಸೇವ್ ಮಾಡಿದರೆ ಇನ್ನೊಂದಿಷ್ಟು ಹೋಗುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು? ಉಳಿಸಿಕೊಳ್ಳಬೇಕಾದ ರೆಕಾರ್ಡಿಂಗ್ ಆದರೆ ಫ್ಲ್ಯಾಕ್. ಇದು 2001ರಲ್ಲಿ ಬಂದದ್ದು, ಉಚಿತ. ಏನನ್ನೂ ಎಸೆಯದೆ ಬಟ್ಟೆ ಮಡಚಿಟ್ಟ ಹಾಗೆ ಮಡಚುತ್ತದೆ. ಬಿಚ್ಚಿದರೆ ಮೂಲದ ಒಂದು ಬಿಟ್ ಕೂಡ ಆಚೀಚೆ ಆಗಿರುವುದಿಲ್ಲ. ಸಾಮಾನ್ಯವಾಗಿ ವೇವ್‌ನ ಅರ್ಧದಿಂದ ಮುಕ್ಕಾಲು ಭಾಗದ ಒಳಗೆ ಬರುತ್ತದೆ. ಸುಮ್ನೆ ಫೋನಿನಲ್ಲಿ ಹಾಡು ಕೇಳಲು ಎಂಪಿ3 ಅಥವಾ ಎಎಸಿ (ಎಂಪಿ3ಯ ಹಾಗೇ ಕುಗ್ಗಿಸುವ ಇನ್ನೊಂದು ವಿಧಾನ), 192ರಿಂದ 256 ಸಾಕು. ಬರೀ ಮಾತು ಆದರೆ ಮೋನೋ (ಒಂದೇ ಚಾನೆಲ್) ಮಾಡಿ 64 ಇಟ್ಟರೂ ಸ್ಪಷ್ಟವಾಗಿರುತ್ತದೆ. ಆದರೆ ಇದು ಕೇಳುವ ಪ್ರತಿಗೆ ಮಾತ್ರ. ಮೂಲ ಬೇರೆಯೇ ಇರಲಿ.

ಫೈಲ್ ಗಾತ್ರ ಮೊದಲೇ ತಿಳಿಯಬೇಕಾದರೆ ಕೆಬಿಪಿಎಸ್ ಅನ್ನು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿ. 4 ನಿಮಿಷದ ಹಾಡು, 128 ಕೆಬಿಪಿಎಸ್: 128 ಗುಣಿಸು 240, ಭಾಗಿಸು 8. 3,840 ಕೆಬಿ, ಅಂದರೆ 4 ಎಂಬಿಗೆ ಸ್ವಲ್ಪ ಕಡಿಮೆ. ನಿಮ್ಮ ಹತ್ತಿರ ಇರುವ ಒಂದು ಹಾಡಿಗೆ ಈ ಲೆಕ್ಕ ಹಾಕಿ ನೋಡಿ. ಒಂದು ಸಲ ತಾಳೆಯಾದರೆ ಮತ್ತೆ ಮರೆಯುವುದಿಲ್ಲ.

ಪ್ಲೇಯರ್

ನಾನು ಬಳಸುವುದು ವಿಎಲ್‌ಸಿ. 1996ರಲ್ಲಿ ಫ್ರಾನ್ಸಿನ ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ ಅದು, ಇವತ್ತಿಗೂ ಉಚಿತ. ಬಹುತೇಕ ಎಲ್ಲ ಫೈಲನ್ನೂ ತೆರೆಯುತ್ತದೆ. ಯಾವುದಾದರೂ ಹಾಡು ಹಾಕಿ, ಕಂಟ್ರೋಲ್ ಹಿಡಿದು ಜೆ ಒತ್ತಿ. ಕೋಡೆಕ್ (ದನಿಯನ್ನು ಕುಗ್ಗಿಸಿದ ವಿಧಾನ) ಯಾವುದು, ಸೆಕೆಂಡಿಗೆ ಎಷ್ಟು ಅಳತೆ, ಎಷ್ಟು ಚಾನೆಲ್ ಎಂದು ತೋರಿಸುತ್ತದೆ. ವಿಂಡೋಸ್‌ನಲ್ಲಿ ಪ್ಲೇಯರ್ ಕೂಡ ಬೇಡ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ನೋಡಿದರೆ ಬಿಟ್ ರೇಟ್, ಅಂದರೆ ಆ ಕೆಬಿಪಿಎಸ್ ಸಂಖ್ಯೆ, ಸಿಗುತ್ತದೆ.

"ಈ ಫೈಲ್ ಪ್ಲೇ ಆಗುತ್ತಿಲ್ಲ" ಎಂಬ ತೊಂದರೆಗೆ ಮೂಲ ಬಹಳ ಸಲ ಒಂದೇ. ಫೈಲ್ ಹೆಸರಿನಲ್ಲಿ ಚುಕ್ಕಿ ಆದ ಮೇಲೆ ಬರುವ ಹೆಸರು ಡಬ್ಬಿಯದು, ಒಳಗಿನ ಸಾಮಾನಿನದಲ್ಲ. ಎಂ4ಎ ಎಂಬ ಡಬ್ಬಿಯೊಳಗೆ ಎಎಸಿ ಇರಬಹುದು, ಏನೂ ಎಸೆಯದ ಆ್ಯಪಲ್ ಲಾಸ್‌ಲೆಸ್ ಕೂಡ ಇರಬಹುದು. ಹಳೆಯ ಪ್ಲೇಯರಿಗೆ ಡಬ್ಬಿ ತೆರೆಯಲು ಬಂದರೂ ಒಳಗಿನದು ಅರ್ಥವಾಗದೇ ಹೋಗಬಹುದು. ಹೆಸರನ್ನು ಎಂಪಿ3 ಅಂತ ತಿದ್ದಿದರೆ ಡಬ್ಬಿಯ ಚೀಟಿ ಬದಲಾಗುತ್ತದೆ, ಸಾಮಾನು ಅದೇ. ಬದಲಾಯಿಸಲೇಬೇಕು ಅಂದರೆ ವಿಎಲ್‌ಸಿಯ ಮೀಡಿಯಾ ಮೆನುವಿನಲ್ಲಿ ಕನ್ವರ್ಟ್/ಸೇವ್ ಇದೆ. ಫೈಲ್ ಸೇರಿಸಿ, ಪ್ರೊಫೈಲ್‌ನಲ್ಲಿ ಬೇಕಾದದ್ದನ್ನು ಆರಿಸಿ. ಪಕ್ಕದ ಪಾನಾ ಚಿತ್ರ ಒತ್ತಿದರೆ ಬಿಟ್ ರೇಟ್ ಎಷ್ಟು ಅಂತ ನೋಡಿ ತಿದ್ದಬಹುದು. ದಯವಿಟ್ಟು ಅದನ್ನು ನೋಡದೆ ಸ್ಟಾರ್ಟ್ ಒತ್ತಬೇಡಿ. ಹೊಸ ಫೈಲಿಗೆ ಬೇರೆ ಹೆಸರು ಕೊಡುವುದನ್ನೂ ಮರೆಯಬೇಡಿ.

ವಿಡಿಯೋದಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆದರೆ ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀ ಒತ್ತಿ ದನಿಯನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಸರಿಸಬಹುದು. ಬ್ಲೂಟೂತ್ ಹೆಡ್‌ಫೋನ್ ಇದ್ದಾಗ ಇದು ಬೇಗ ಕಾಣುತ್ತದೆ, ಯಾಕೆಂದರೆ ಫೋನು ದನಿಯನ್ನು ಮತ್ತೊಮ್ಮೆ ಕುಗ್ಗಿಸಿ ಕಳಿಸುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ರೆಕಾರ್ಡಿಂಗ್ ಚೆನ್ನಾಗಿದೆಯೋ ಇಲ್ಲವೋ ನೋಡಬೇಕಾದರೆ ವೈರ್ ಇರುವ ಹೆಡ್‌ಫೋನಿನಲ್ಲೇ ಕೇಳಿ.

ನೆಟ್ ಇದೆ, ಹಾಡು ನಿಲ್ಲುತ್ತದೆ

ಚಿಕ್ಕಪ್ಪ ದಿನವೂ ಇಂಟರ್‌ನೆಟ್ ರೇಡಿಯೋ ಕೇಳುತ್ತಾರೆ. ಒಂದು ದಿನ ಫೋನ್ ಮಾಡಿದರು: "ಪುಟ್ಟೀ, 100 ಎಂಬಿ ನೆಟ್ ಹಾಕಿಸಿದೀನಿ, ಆದ್ರೂ ಹಾಡು ನಿಂತು ನಿಂತು ಬರುತ್ತಲ್ಲ?"

ಮೊದಲು ಆ 100. ಅದು ಮೆಗಾಬೈಟ್ ಅಲ್ಲ, ಮೆಗಾಬಿಟ್. ಒಂದು ಬೈಟ್ ಅಂದರೆ 8 ಬಿಟ್. ಹಾಗಾಗಿ ಎಲ್ಲ ಸರಿಯಿದ್ದರೆ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 12.5 ಎಂಬಿ. ಡೌನ್‌ಲೋಡ್ ಆಗುವಾಗ 12 ಅಂತ ಕಂಡರೆ ಯಾರೂ ಮೋಸ ಮಾಡಿಲ್ಲ.

ಆದರೆ ಚಿಕ್ಕಪ್ಪನ ರೇಡಿಯೋ ಬರುತ್ತಿದ್ದದ್ದು 128 ಕೆಬಿಪಿಎಸ್‌ನಲ್ಲಿ. ಅಂದರೆ ಮೆಗಾಬಿಟ್ ಲೆಕ್ಕದಲ್ಲಿ 0.128. 100ರ ಮುಂದೆ ಅದು ಏನೇನೂ ಅಲ್ಲ. ವೇಗ ಸಾಲದೆ ನಿಲ್ಲುತ್ತಿರಲಿಲ್ಲ. ನೆಟ್ ಒಂದೇ ಸಮ ಬರುತ್ತಿರಲಿಲ್ಲ. ಪ್ಲೇಯರ್ ಮುಂದಿನ ಕೆಲವು ಸೆಕೆಂಡಿನ ಹಾಡನ್ನು ಮೊದಲೇ ತಂದು ಇಟ್ಟುಕೊಂಡಿರುತ್ತದೆ. ಅದನ್ನು ಬಫರ್ ಎನ್ನುತ್ತಾರೆ, ನೀರಿನ ತೊಟ್ಟಿಯ ಹಾಗೆ. ನಲ್ಲಿ ಆಗಾಗ ನಿಂತರೂ ತೊಟ್ಟಿಯಲ್ಲಿ ಇರುವಷ್ಟು ಹೊತ್ತು ನಡೆಯುತ್ತದೆ. ಖಾಲಿಯಾದರೆ ಹಾಡು ನಿಲ್ಲುತ್ತದೆ.

ಹುಡುಕುವ ಕ್ರಮ ಹೀಗೆ. ಫೋನನ್ನು ರೌಟರಿನ ಪಕ್ಕಕ್ಕೆ ಒಯ್ದು ಅಲ್ಲೇ ಹತ್ತು ನಿಮಿಷ ಕೇಳಿ. ನಿಲ್ಲದೆ ಬಂದರೆ ತಪ್ಪು ವೈಫೈಯದು. ಅಲ್ಲೂ ನಿಂತರೆ ಬೇರೆ ರೇಡಿಯೋ ಹಾಕಿ. ಅದು ಚೆನ್ನಾಗಿ ಬಂದರೆ ಮೊದಲಿನವರ ಸರ್ವರ್‌ನಲ್ಲೇ ತೊಂದರೆ, ನಾವೇನೂ ಮಾಡಲಾಗದು. ಎಲ್ಲವೂ ನಿಂತರೆ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ನೋಡಿ. ಆಗಲೂ ಹಾಗೇ ಆದರೆ ಲೈನ್ ಕೊಟ್ಟವರನ್ನು ಕರೆಯಿರಿ, ಏನೇನು ನೋಡಿದಿರಿ ಅಂತ ಹೇಳಿ.

ಚಿಕ್ಕಪ್ಪನ ಮನೆಯಲ್ಲಿ ರೌಟರ್ ಕಬ್ಬಿಣದ ಬೀರುವಿನ ಹಿಂದೆ ಇತ್ತು. ಅವರು ಕೂರುವ ಕೋಣೆಗೆ ನಡುವೆ ಎರಡು ಗೋಡೆ. ವೈಫೈ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಕಂಪನದಲ್ಲಿ ಬರುತ್ತದೆ, ಫೋನು 5ಕ್ಕೆ ಸೇರಿಕೊಂಡಿತ್ತು. ಅದು ಹತ್ತಿರದಲ್ಲಿ ವೇಗ, ಗೋಡೆ ದಾಟುವಾಗ ಬೇಗ ಸೊರಗುತ್ತದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಆದರೆ ಮೈಕ್ರೋವೇವ್ ಓವನ್ ಆನ್ ಆದಾಗ 2.4ಕ್ಕೆ ಅಡ್ಡಿಯಾಗಬಹುದು, ಎರಡೂ ಹೆಚ್ಚುಕಡಿಮೆ ಒಂದೇ ಕಂಪನದಲ್ಲಿ ಕೆಲಸ ಮಾಡುತ್ತವೆ. ರೌಟರನ್ನು ಬೀರುವಿನ ಮೇಲೆ ಇಡಿಸಿದೆ, ಫೋನನ್ನು 2.4ಕ್ಕೆ ಸೇರಿಸಿದೆ. ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ ಎಲ್ಲ ಸೆಟ್ಟಿಂಗ್ ತೋರಿಸು ಎಂದರೆ ಇನ್‌ಪುಟ್/ಕೋಡೆಕ್ಸ್ ಭಾಗದಲ್ಲಿ ನೆಟ್‌ವರ್ಕ್ ಕ್ಯಾಶಿಂಗ್ ಸಿಗುತ್ತದೆ. ಅವರ ಲ್ಯಾಪ್‌ಟಾಪಿನಲ್ಲಿ ಅಲ್ಲಿ 3000 ಮಿಲಿಸೆಕೆಂಡ್ ಹಾಕಿದೆ, ಅಂದರೆ 3 ಸೆಕೆಂಡಿನ ತೊಟ್ಟಿ. ಹಾಡು ಶುರುವಾಗಲು ಸ್ವಲ್ಪ ತಡ, ಆಮೇಲೆ ತೊಂದರೆ ಇಲ್ಲ.

ಮೊಬೈಲ್ ಡೇಟಾದಲ್ಲಿ ಕೇಳುವವರಿಗೆ ಅದೇ ಲೆಕ್ಕ: 128ರಲ್ಲಿ ಒಂದು ಗಂಟೆಗೆ ಸುಮಾರು 58 ಎಂಬಿ, 320ರಲ್ಲಿ 144. ಹಾಡಿನ ಆ್ಯಪ್‌ಗಳಲ್ಲಿ ಕ್ವಾಲಿಟಿ ಆಟೋ ಇದ್ದರೆ ನೆಟ್ ಸೊರಗಿದಾಗ ಹಾಡು ನಿಲ್ಲುವ ಬದಲು ಮಂಕಾಗಬಹುದು. ಹಾಗಾದರೆ ಸೆಟ್ಟಿಂಗ್‌ನಲ್ಲಿ ಕ್ವಾಲಿಟಿಯನ್ನು ಒಂದು ಕಡೆ ನಿಲ್ಲಿಸಿ, ಅಥವಾ ವೈಫೈ ಇರುವಾಗಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಅವತ್ತು ರೌಟರ್ ಸರಿಯಾದ ಮೇಲೆ ಚಿಕ್ಕಪ್ಪನ ಎದುರು ಫೋನಿಟ್ಟು, ಅಜ್ಜಿ ಹೇಳುತ್ತಿದ್ದ ಕತೆಗಳನ್ನು ಅವರಿಂದ ಹೇಳಿಸಿದೆ. ಒಂದು ಗಂಟೆ, ಮೋನೋ, ಫ್ಲ್ಯಾಕ್ ಮಾಡಿದ ಮೇಲೆ ಸುಮಾರು 160 ಎಂಬಿ. ಅವರ ಲೈನಿನ ಅಪ್‌ಲೋಡ್ ವೇಗ 10 ಮೆಗಾಬಿಟ್. 160 ಗುಣಿಸು 8, ಭಾಗಿಸು 10: 128 ಸೆಕೆಂಡ್. ಎರಡು ನಿಮಿಷ ಚಿಲ್ಲರೆಯಲ್ಲಿ ಅದು ಕ್ಲೌಡಿಗೆ ಹೋಯಿತು. ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಚಿಕ್ಕಪ್ಪನ ಕೈಗೆ ಕೊಟ್ಟು ಬಂದೆ.