ಹಳೆ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕುವಾಗ ತಕರಾರು ಮಾಡುವ ಭಾಗ ಯಾವುದು?

ಇನ್‌ಸ್ಟಾಲ್ ಎಲ್ಲಿ ನಿಂತಿತು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಮೆನು ಬಂದಮೇಲೆ ಪರದೆ ಕಪ್ಪಾದರೆ ಅನುಮಾನ ಗ್ರಾಫಿಕ್ಸ್ ಮೇಲೆ. ಫೈಲು ಕಾಪಿ ಆಗುವಾಗ ಸಿಕ್ಕಿಕೊಂಡರೆ ಹಾರ್ಡ್‌ಡಿಸ್ಕ್ ಇಲ್ಲವೇ ಅದರ ಕೇಬಲ್. ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ರ‍್ಯಾಮ್ ಅಥವಾ ಬಿಸಿ. ಇದನ್ನು ನೋಡದೆ ಲಿನಕ್ಸ್‌ನ ಐಎಸ್‌ಒ ಫೈಲನ್ನೇ (ಪೆನ್‌ಡ್ರೈವ್‌ಗೆ ಹಾಕುವ ಇನ್‌ಸ್ಟಾಲ್ ಪ್ರತಿ) ಮತ್ತೆ ಮತ್ತೆ ಇಳಿಸಿಕೊಂಡು ಕೂತರೆ ಡೇಟಾ ಖಾಲಿಯಾಗುತ್ತದೆ, ಅಷ್ಟೇ.

ಇಲ್ಲಿರುವುದು 2007–2010ರ ಹೊತ್ತಿನ ಕೋರ್ 2 ಡ್ಯುಯೋ, ಡಿಡಿಆರ್2 ಯಂತ್ರಕ್ಕೆ ಲಿನಕ್ಸ್ ಮಿಂಟ್ 22 (ಎಕ್ಸ್‌ಎಫ್‌ಸಿಇ) ಹಾಕುವ ಲೆಕ್ಕ. ಪ್ರೊಸೆಸರ್ 64 ಬಿಟ್‌ನದೇ ಆಗಿರಬೇಕು. 2 ಜಿಬಿ ರ‍್ಯಾಮ್‌ನಲ್ಲೂ ನಡೆಯುತ್ತದೆ, ಆದರೆ ಬ್ರೌಸರ್ ತೆರೆದರೆ ಏದುಸಿರು. 4 ಜಿಬಿ ಇದ್ದರೆ ನೆಮ್ಮದಿ.

ಮೊದಲು ಯಂತ್ರವನ್ನು ಬರಿದು ಮಾಡಿ. ಪವರ್ ಕೇಬಲ್ ಕಿತ್ತು, ಟಿವಿ ಟ್ಯೂನರ್, ಮೋಡೆಮ್, ಹೆಚ್ಚುವರಿ ಲ್ಯಾನ್ ಕಾರ್ಡ್, ಎರಡನೇ ಡಿಸ್ಕ್, ಡಿವಿಡಿ ಡ್ರೈವ್ ಎಲ್ಲ ಬಿಚ್ಚಿಡಿ. ಒಂದು ರ‍್ಯಾಮ್, ಒಂದು ಡಿಸ್ಕ್, ಕೀಬೋರ್ಡ್, ಮೌಸ್, ಮಾನಿಟರ್ ಸಾಕು. ರ‍್ಯಾಮ್‌ನ ಹಳದಿ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಪ್ ಕಟಕ್ಕೆನ್ನುವವರೆಗೆ ಒತ್ತಿ ಕೂರಿಸಿ.

ಮದರ್‌ಬೋರ್ಡಿನ ಸಿಆರ್2032 ಸೆಲ್ಲನ್ನೂ ಈಗಲೇ ಬದಲಿಸಿ. ಬಹಳ ಜನ ಇದನ್ನು ಕೊನೆಗೆ ನೋಡುತ್ತಾರೆ. 3 ವೋಲ್ಟಿನ ಆ ಸೆಲ್ ಸತ್ತಿದ್ದರೆ ಪ್ಲಗ್ ತೆಗೆದಾಗಲೆಲ್ಲ ಬಯೋಸ್ (ಯಂತ್ರ ಆನ್ ಆದ ಕೂಡಲೇ ಓಡುವ ಬೋರ್ಡಿನ ಸ್ವಂತ ಪ್ರೋಗ್ರಾಂ) ಸೆಟ್ಟಿಂಗ್ ಮರೆತುಹೋಗುತ್ತದೆ. ನೀವು ಬದಲಿಸಿದ ಬೂಟ್ ಕ್ರಮ, ಸಾಟಾ ಮೋಡ್ (ಬೋರ್ಡು ಡಿಸ್ಕ್ ಜೊತೆ ಮಾತಾಡುವ ರೀತಿ) ಎಲ್ಲ ಹಳೆಯ ಸ್ಥಿತಿಗೆ ಮರಳಿರುತ್ತವೆ. ತಾರೀಖು ಹಿಂದಕ್ಕೆ ಹೋಗಿರುವುದರಿಂದ ಇಂಟರ್ನೆಟ್‌ನಿಂದ ಅಪ್‌ಡೇಟ್ ಇಳಿಸುವಾಗಲೂ ಸರ್ಟಿಫಿಕೇಟ್ ದೋಷ ಬರುತ್ತದೆ.

ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಿ, ಕನಿಷ್ಠ ಒಂದು ಪಾಸ್ (ಒಂದು ಸುತ್ತು) ಪೂರ್ತಿ ಓಡಿಸಿ. ಒಂದೇ ಒಂದು ದೋಷ ಬಂದರೂ ಸ್ಲಾಟ್ ಬದಲಿಸಿ ನೋಡಿ; ಅಲ್ಲೂ ಬಂದರೆ ಆ ರ‍್ಯಾಮ್ ಬೇಡ. ಪರೀಕ್ಷೆ ನಡುವೆ ಯಂತ್ರ ತಾನಾಗಿ ಆಫ್ ಆದರೆ ಪ್ರೊಸೆಸರ್ ಫ್ಯಾನ್ ನೋಡಿ: ಇಂಟೆಲ್ ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಎದ್ದಿರುತ್ತದೆ, ಇಲ್ಲವೇ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ.

ಇನ್ನು ಕಪ್ಪು ಪರದೆ. ಪೆನ್‌ಡ್ರೈವ್‌ನ ಬೂಟ್ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ ಇನ್‌ಸ್ಟಾಲ್ ಮುಗಿಸಿ. ಮೊದಲ ಸಲ ಡಿಸ್ಕ್‌ನಿಂದ ಬೂಟ್ ಆಗುವಾಗಲೂ ಪರದೆ ಕಪ್ಪಾದರೆ, ಆನ್ ಮಾಡಿದ ಕೂಡಲೇ ಶಿಫ್ಟ್ ಒತ್ತಿ ಹಿಡಿದು ಗ್ರಬ್ ಮೆನು (ಲಿನಕ್ಸ್ ಶುರುವಾಗುವ ಮುಂಚಿನ ಬೂಟ್ ಮೆನು) ತರಿಸಿ. 'ಇ' ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ನೋಮೋಡ್‌ಸೆಟ್ (nomodeset) ಎಂದು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಒಂದೇ ಪದವಾಗಿ ಬರೆದು ಎಫ್10 ಒತ್ತಿ. ಇದು ತಾತ್ಕಾಲಿಕ ಊರುಗೋಲು. ಹಾಗೇ ಬಿಟ್ಟರೆ ಪರದೆಯ ರೆಸಲ್ಯೂಷನ್ ಕಡಿಮೆಯಾಗಿಯೇ ಉಳಿದು ವಿಡಿಯೋ ತಡವರಿಸುತ್ತದೆ. ಜಿಫೋರ್ಸ್ 8, 9, 200 ಸರಣಿಯ ಗ್ರಾಫಿಕ್ಸ್ ಕಾರ್ಡುಗಳಿಗೆ ಬೇಕಾದ ಎನ್‌ವಿಡಿಯಾ 340 ಡ್ರೈವರ್‌ಗೆ ಕಂಪನಿಯ ಬೆಂಬಲ 2019ಕ್ಕೇ ಮುಗಿದಿದೆ. ಅದನ್ನು ಹುಡುಕಿ ಹಾಕಲು ಹೋಗಬೇಡಿ. ಹೊಸ ಕರ್ನೆಲ್‌ಗೆ (ಲಿನಕ್ಸಿನ ತಿರುಳು) ಅದು ಹೊಂದುವುದಿಲ್ಲ. ಲಿನಕ್ಸ್ ಜೊತೆಗೇ ಬರುವ ನೂವೋ ಡ್ರೈವರ್ ಕೂಡ ಹ್ಯಾಂಗ್ ಆದರೆ ಕಾರ್ಡನ್ನೇ ತೆಗೆದು ಬೋರ್ಡಿನ ವಿಜಿಎ ಪೋರ್ಟಿಗೆ ಮಾನಿಟರ್ ಹಾಕುವುದು ವಾಸಿ.

ಡಿಸ್ಕ್ ವಿಷಯದಲ್ಲಿ ಊಹೆ ಬೇಡ, ಅಂಕಿ ನೋಡಿ. ಪೆನ್‌ಡ್ರೈವ್‌ನಿಂದ ಬಂದ ಡೆಸ್ಕ್‌ಟಾಪ್‌ನಲ್ಲಿ ಡಿಸ್ಕ್ಸ್ ಎಂಬ ಟೂಲ್ ತೆರೆದು ಸ್ಮಾರ್ಟ್ ಡೇಟಾಗೆ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟ ಲೆಕ್ಕ) ಹೋಗಿ. ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬಲ್ಲಿ ಸೊನ್ನೆಗಿಂತ ಹೆಚ್ಚಿದ್ದರೆ, ಓದಲಾಗದ ಜಾಗ ಡಿಸ್ಕ್‌ನಲ್ಲಿದೆ ಎಂದರ್ಥ. ಅದರ ಮೇಲೆ ಇನ್‌ಸ್ಟಾಲ್ ಮಾಡಬೇಡಿ. ಯುಡಿಎಂಎ ಸಿಆರ್‌ಸಿ ಎರರ್ (ಕೇಬಲ್‌ನಲ್ಲಿ ಡೇಟಾ ಸಾಗುವಾಗ ಆದ ತಪ್ಪುಗಳ ಎಣಿಕೆ) ಏರುತ್ತಿದ್ದರೆ ಮಾತ್ರ ಡಿಸ್ಕ್ ಎಸೆಯುವ ಮುಂಚೆ ಸಾಟಾ ಕೇಬಲ್ ಬದಲಿಸಿ. ಆ ಸಂಖ್ಯೆ ಎಂದೂ ಇಳಿಯುವುದಿಲ್ಲ. ಹಳೆಯದನ್ನು ಬರೆದಿಟ್ಟು, ಹೊಸ ಕೇಬಲ್‌ನಲ್ಲಿ ಒಂದೆರಡು ಜಿಬಿ ಕಾಪಿ ಮಾಡಿ ಮತ್ತೆ ನೋಡಿ. ಅಲ್ಲೇ ನಿಂತಿದ್ದರೆ ತಪ್ಪು ಕೇಬಲ್‌ನದು.

ಬಯೋಸ್‌ನ ಸಾಟಾ ಮೋಡ್‌ನಲ್ಲಿ ಎಎಚ್‌ಸಿಐ (ಹೊಸ ರೀತಿ) ಇದ್ದರೆ ಅದನ್ನೇ ಆರಿಸಿ. ಆದರೆ ಐಡಿಇ (ಹಳೆ ರೀತಿ) ಮೋಡ್‌ನಲ್ಲಿ ಹಾಕಿದ ಹಳೆ ವಿಂಡೋಸ್ ಜೊತೆಗಿರಬೇಕೆಂದರೆ ಕೈ ಹಾಕಬೇಡಿ. ವಿಂಡೋಸ್ 0x7ಬಿ ಎಂಬ ನೀಲಿ ಪರದೆ ತೋರಿಸುತ್ತದೆ. ಐಸಿಎಚ್7 ಚಿಪ್ ಇರುವ ಜಿ31 ಬೋರ್ಡುಗಳಲ್ಲಿ ಆ ಆಯ್ಕೆಯೇ ಇರುವುದಿಲ್ಲ, ಹುಡುಕಬೇಡಿ.

ಇನ್‌ಸ್ಟಾಲ್ ಆದಮೇಲೆ ಬಿಚ್ಚಿಟ್ಟ ಕಾರ್ಡುಗಳನ್ನು ಒಂದೊಂದಾಗಿ ಹಾಕಿ, ಪ್ರತಿ ಸಲ ಬೂಟ್ ಮಾಡಿ ಕರ್ನೆಲ್ ಸಂದೇಶ ನೋಡಿ. 'ಐಆರ್‌ಕ್ಯೂ 16: ನೋಬಡಿ ಕೇರ್ಡ್' ಎಂಬ ಸಾಲು ಕಂಡರೆ ಅದೇ ನಿಜವಾದ ಜಗಳ: ಹಲವು ಸಾಧನಗಳು ಹಂಚಿಕೊಂಡ ಇಂಟರಪ್ಟ್ ಲೈನಿನಲ್ಲಿ (ಸಾಧನಗಳು ಪ್ರೊಸೆಸರನ್ನು ಕರೆಯುವ ದಾರಿ) ಸಂಕೇತ ಬಂದಿದೆ, ಯಾವ ಡ್ರೈವರೂ ಅದು ತನ್ನದೆಂದು ಒಪ್ಪಿಕೊಂಡಿಲ್ಲ, ಕರ್ನೆಲ್ ಬೇಸತ್ತು ಲೈನನ್ನೇ ಮುಚ್ಚಿದೆ. ಅದೇ ಲೈನಿನಲ್ಲಿದ್ದ ಯುಎಸ್‌ಬಿ ಅಥವಾ ಲ್ಯಾನ್ ಆಗಲೇ ನಿಧಾನವಾಗುತ್ತದೆ. ಕಾರ್ಡನ್ನು ಬೇರೆ ಪಿಸಿಐ ಸ್ಲಾಟಿಗೆ ಸರಿಸಿ. ಬಳಸದ ಸೀರಿಯಲ್, ಪ್ಯಾರಲಲ್ ಪೋರ್ಟ್‌ಗಳನ್ನು ಬಯೋಸ್‌ನಲ್ಲಿ ಆಫ್ ಮಾಡಿ. ಎರಡಕ್ಕೂ ಬಗ್ಗದಿದ್ದರೆ ನೋಮೋಡ್‌ಸೆಟ್ ಬರೆದ ಜಾಗದಲ್ಲೇ ಐಆರ್‌ಕ್ಯೂಪೋಲ್ (irqpoll) ಎಂದು ಬರೆದು ನೋಡಬಹುದು. ಯಂತ್ರ ತುಸು ನಿಧಾನವಾಗುತ್ತದೆ. ಇಷ್ಟಾದರೂ ಹಟ ಹಿಡಿದ ಟ್ಯೂನರ್ ಕಾರ್ಡನ್ನು ಡಬ್ಬಿಯಲ್ಲೇ ಇಡಿ.