ಟೋನಿ ಲೆವಿನ್ ಅವರ ಬೇಸ್ ವಾದನವನ್ನು ಆಲಿಸುವ ಕ್ರಮ

ಹಾಡೊಂದು ಮುಗಿದ ಮೇಲೆ ಅದರ ಧಾಟಿಯನ್ನು ಗುನುಗುವವರು ಬಹಳ ಮಂದಿ. ಆ ಧಾಟಿಯ ಅಡಿಯಲ್ಲಿ ನಡೆದ ಬೇಸ್ ಗಿಟಾರನ್ನು ನೆನಪಿಟ್ಟುಕೊಳ್ಳುವವರು ವಿರಳ. ಪಾಲ್ ಸೈಮನ್, ಜಾನ್ ಲೆನನ್, ಪೀಟರ್ ಗೇಬ್ರಿಯಲ್ ಅವರ ಹಾಡುಗಳನ್ನೂ ಕಿಂಗ್ ಕ್ರಿಮ್ಸನ್ ತಂಡದ ಸಂಗೀತವನ್ನೂ ಕೇಳಿದವರಲ್ಲಿ ಅನೇಕರು ಅಮೆರಿಕದ ಬೇಸ್ ವಾದಕ ಟೋನಿ ಲೆವಿನ್ ಅವರನ್ನು ಹೆಸರು ತಿಳಿಯದೆಯೇ ಕೇಳಿರುತ್ತಾರೆ. ಅರ್ಧ ಶತಮಾನಕ್ಕೂ ಮೀರಿದ ಅವಧಿಯಲ್ಲಿ ನೂರಾರು ಆಲ್ಬಮ್‌ಗಳಲ್ಲಿ ನುಡಿಸಿರುವ ಇವರನ್ನು ಇಸವಿಯ ಕ್ರಮದಲ್ಲಿ ಕೇಳಹೊರಟರೆ ನಡುದಾರಿಯಲ್ಲೇ ದಣಿವಾಗುತ್ತದೆ. ಕೆಲವೇ ಹಾಡುಗಳನ್ನು ಆಯ್ದುಕೊಂಡು ಪ್ರತಿಯೊಂದನ್ನೂ ಹಲವು ಬಾರಿ ಕೇಳುವುದು ಮೇಲು. ಮೊದಲು ಪಾಪ್ ಹಾಡುಗಳು, ಆಮೇಲೆ ಪ್ರೊಗ್ರೆಸಿವ್ ರಾಕ್ (ಲಯ, ರಚನೆಗಳಲ್ಲಿ ಹೆಚ್ಚು ಜಟಿಲವಾದ ರಾಕ್ ಸಂಗೀತ) ಎಂಬ ಕ್ರಮವನ್ನು ನಾನು ಸೂಚಿಸುತ್ತೇನೆ. ಹಾಡಿಗೆ ಎಷ್ಟು ಬೇಕೋ ಅಷ್ಟನ್ನೇ ಕೊಡುವ ಅವರ ಸಂಯಮ ಪಾಪ್ ಹಾಡುಗಳಲ್ಲಿ ನಿಚ್ಚಳವಾಗಿ ಕಾಣುತ್ತದೆ. ಅದನ್ನು ಒಮ್ಮೆ ಗುರುತಿಸಿದ ಕಿವಿಗೆ ಕ್ಲಿಷ್ಟವಾದ ಲಯವಿನ್ಯಾಸಗಳ ನಡುವೆಯೂ ಅದೇ ಕೈ ಸಿಗುತ್ತದೆ.

ಕೇಳುವ ಸಾಧನವನ್ನು ಮೊದಲು ಸರಿಪಡಿಸಿಕೊಳ್ಳಬೇಕು. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ದಪ್ಪನೆಯ ತಂತಿಯನ್ನು ಬೆರಳೊತ್ತದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಮೊಬೈಲ್ ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ನಾದವನ್ನು ಹೊರಡಿಸುವ ಶಕ್ತಿ ಇಲ್ಲ. ಅದರಿಂದ ಹೊರಬರುವುದು ಆ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸಣ್ಣ ನಾದಗಳು, ಅಂದರೆ ಅನುಸ್ವರಗಳು ಮಾತ್ರ, ಉಳಿದದ್ದನ್ನು ನಮ್ಮ ಮಿದುಳು ಊಹಿಸಿ ತುಂಬಿಕೊಳ್ಳುತ್ತದೆ. ಆದ್ದರಿಂದ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನನ್ನಾಗಲಿ, ದೊಡ್ಡ ಸ್ಪೀಕರನ್ನಾಗಲಿ ಬಳಸಿರಿ. ಬೇಸ್ ಹೆಚ್ಚಿಸುವ ಗುಂಡಿಯನ್ನು ಮುಟ್ಟದಿರುವುದು ಒಳ್ಳೆಯದು. ಹಾಗೆ ಉಬ್ಬಿಸಿದ ಧ್ವನಿಯಲ್ಲಿ ಸ್ವರವೊಂದು ಎಲ್ಲಿ ಆರಂಭವಾಯಿತೆಂಬುದು ತಿಳಿದರೂ ಎಲ್ಲಿ ನಿಂತಿತೆಂಬುದು ತಿಳಿಯುವುದಿಲ್ಲ, ಲೆವಿನ್ ಅವರ ವಿಷಯದಲ್ಲಿ ಆ ನಿಲುಗಡೆಯೇ ಮುಖ್ಯ.

ಅವರ ಹಿನ್ನೆಲೆಯಲ್ಲಿ ಒಂದೆರಡು ಸಂಗತಿಗಳು ಸಾಕು. 1946ರಲ್ಲಿ ಬಾಸ್ಟನ್‌ನಲ್ಲಿ ಜನಿಸಿದ ಅವರು ಹತ್ತನೆಯ ವಯಸ್ಸಿನಲ್ಲಿ ಡಬಲ್ ಬೇಸ್ (ನಿಲ್ಲಿಸಿಕೊಂಡು ನುಡಿಸುವ, ಪಿಟೀಲಿನಾಕಾರದ ದೊಡ್ಡ ಮಂದ್ರವಾದ್ಯ) ಕಲಿಯತೊಡಗಿ, ರೋಚೆಸ್ಟರ್ ನಗರದ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ಓದಿ, ಅಲ್ಲಿನ ಫಿಲ್ಹಾರ್ಮಾನಿಕ್ ಆರ್ಕೆಸ್ಟ್ರಾದಲ್ಲೂ ನುಡಿಸಿದರು. ಆರ್ಕೆಸ್ಟ್ರಾದಲ್ಲಿ ಡಬಲ್ ಬೇಸ್ ನುಡಿಸುವವನು ತನ್ನ ಸರದಿಗಾಗಿ ಎಷ್ಟೋ ಆವರ್ತಗಳ ಕಾಲ ಸುಮ್ಮನೆ ಕಾಯಬೇಕಾಗುತ್ತದೆ. ಆ ತಾಳ್ಮೆ ಅವರ ಪಾಪ್ ವಾದನದಲ್ಲೂ ಉಳಿದುಬಂದಿದೆ ಎಂದು ನನ್ನ ನಂಬಿಕೆ. ಡ್ರಮ್ಸ್ ವಾದಕ ಸ್ಟೀವ್ ಗ್ಯಾಡ್ ಅವರ ಪರಿಚಯವಾದದ್ದೂ ಅದೇ ಈಸ್ಟ್‌ಮನ್ ಶಾಲೆಯಲ್ಲಿ.

ಈ ಇಬ್ಬರೂ ಜೊತೆಯಾಗಿ ನುಡಿಸಿದ, ಪಾಲ್ ಸೈಮನ್ ಅವರ 1975ರ ಆಲ್ಬಮ್‌ನಲ್ಲಿರುವ ‘ಫಿಫ್ಟಿ ವೇಸ್ ಟು ಲೀವ್ ಯುವರ್ ಲವರ್’ ಹಾಡಿನಿಂದ ಆರಂಭಿಸಿರಿ. ಮೊದಲ ಬಾರಿ ಡ್ರಮ್ಸ್ ಒಂದನ್ನೇ ಹಿಂಬಾಲಿಸಬೇಕು. ಸೈನಿಕರ ನಡಿಗೆಯನ್ನು ನೆನಪಿಸುವ ಗ್ಯಾಡ್ ಅವರ ಆ ಪೆಟ್ಟುಗಳು ಚರಣದುದ್ದಕ್ಕೂ ತುಂಬಿಕೊಂಡಿರುತ್ತವೆ. ಎರಡನೆಯ ಬಾರಿ ಬೇಸ್ ಮಾತ್ರ. ಡ್ರಮ್ಸ್ ಇಷ್ಟೊಂದು ಮಾತಾಡುವಾಗ ಬೇಸ್ ಎಷ್ಟು ಮಿತವಾಗಿ ಮಾತಾಡುತ್ತದೆ, ಪಲ್ಲವಿ ಬಂದೊಡನೆ ಅದರ ನಡೆ ಹೇಗೆ ಬದಲಾಗುತ್ತದೆ ಎಂಬುದನ್ನು ಗಮನಿಸಿರಿ. ಮೂರನೆಯ ಬಾರಿ ಎರಡನ್ನೂ ಒಟ್ಟಿಗೆ ಕೇಳಬೇಕು. ಮುಂದಿನ ಎಲ್ಲ ಹಾಡುಗಳಿಗೂ ಇದೇ ಪದ್ಧತಿ. ಜಾನ್ ಲೆನನ್ ಮತ್ತು ಯೋಕೊ ಓನೊ ಅವರ 1980ರ ‘ಡಬಲ್ ಫ್ಯಾಂಟಸಿ’ ಆಲ್ಬಮ್‌ಗೂ ಬೇಸ್ ನುಡಿಸಿದವರು ಲೆವಿನ್; ಅಲ್ಲಿನ ಒಂದೆರಡು ಹಾಡುಗಳಲ್ಲಿ ಈ ಪದ್ಧತಿಯನ್ನು ರೂಢಿಸಿಕೊಂಡು ಮುಂದುವರಿಯಬಹುದು.

ಪಾಪ್‌ನಿಂದ ಪ್ರೊಗ್ರೆಸಿವ್ ಕಡೆಗೆ ದಾಟಲು ಇರುವ ಸೇತುವೆ ಪೀಟರ್ ಗೇಬ್ರಿಯಲ್. ಜೆನೆಸಿಸ್ ತಂಡವನ್ನು ಬಿಟ್ಟ ಬಳಿಕ ಗೇಬ್ರಿಯಲ್ 1977ರಲ್ಲಿ ಹೊರತಂದ ಮೊದಲ ಆಲ್ಬಮ್‌ಗೆ ಲೆವಿನ್ ಅವರನ್ನು ಕರೆತಂದವರು ನಿರ್ಮಾಪಕ ಬಾಬ್ ಎಜ್ರಿನ್. ಅದರಲ್ಲಿರುವ ‘ಸಾಲ್ಸ್‌ಬರಿ ಹಿಲ್’ ಹಾಡಿನ ಬಹುಭಾಗ ಏಳು ಎಣಿಕೆಯ ಲಯದಲ್ಲಿದೆ. ಮಿಶ್ರಛಾಪು ತಾಳಕ್ಕೆ ಕೈ ಹಾಕಿ ಅಭ್ಯಾಸವಿರುವ ನಮ್ಮ ಕೇಳುಗರಿಗೆ ಏಳು ಎಣಿಸುವುದು ಕಷ್ಟವೇನಲ್ಲ. ಆದರೆ ಮೂರು ಮತ್ತು ನಾಲ್ಕರ ಆ ವಿಭಾಗವನ್ನೇ ಇಲ್ಲಿ ಹುಡುಕದೆ, ಒಂದರಿಂದ ಏಳರವರೆಗೆ ಸಮನಾಗಿ ಎಣಿಸುತ್ತಾ ಬೇಸ್ ಎಲ್ಲಿ ಸಮಕ್ಕೆ ಬಂದು ಕೂಡುತ್ತದೆಂದು ನೋಡಿರಿ. ಅಷ್ಟು ವಿಷಮವಾದ ಲಯವೂ ಕೇಳುಗನಿಗೆ ನಡಿಗೆಯಷ್ಟು ಸಹಜವಾಗಿ ತೋರುವುದರಲ್ಲಿ ಬೇಸ್‌ನ ಪಾಲು ಎಷ್ಟೆಂಬುದು ಆಗ ತಿಳಿಯುತ್ತದೆ.

ಗೇಬ್ರಿಯಲ್ ಅವರ 1986ರ ‘ಸೋ’ ಆಲ್ಬಮ್‌ಗೆ ಒಂದು ವಾರವನ್ನೇ ಮೀಸಲಿಡಬೇಕೆಂದು ನಾನು ಒತ್ತಾಯಿಸುತ್ತೇನೆ, ಏಕೆಂದರೆ ಒಬ್ಬನೇ ವಾದಕನ ಮೂರು ಬೇರೆಬೇರೆ ನಾದಗಳು ಅಲ್ಲಿ ಅಕ್ಕಪಕ್ಕದಲ್ಲಿವೆ. ‘ಸ್ಲೆಡ್ಜ್‌ಹ್ಯಾಮರ್’ ಹಾಡಿನಲ್ಲಿ ಅವರು ಫ್ರೆಟ್‌ಗಳಿಲ್ಲದ, ಅಂದರೆ ಸ್ವರಸ್ಥಾನ ಗುರುತಿಸುವ ಲೋಹದ ಪಟ್ಟಿಗಳಿಲ್ಲದ ಬೇಸ್ ನುಡಿಸಿ, ಪ್ರತಿ ಸ್ವರಕ್ಕೂ ಕೆಳಗಿನ ಸ್ಥಾಯಿಯ ಅದೇ ಸ್ವರವನ್ನು ಕೂಡಿಸುವ ಪೆಡಲ್ ಬಳಸಿದ್ದಾರೆ. ಆ ಭಾರ, ಆ ಜಾರಿಕೆ ಎರಡೂ ಅದರಿಂದ ಬಂದವು. ಕೇಟ್ ಬುಷ್ ಜೊತೆಗೂಡಿ ಹಾಡಿರುವ ‘ಡೋಂಟ್ ಗಿವ್ ಅಪ್’ ಹಾಡಿನ ಕೊನೆಯ ಭಾಗದಲ್ಲಿ ಬೇಸ್‌ನ ನಾದ ಇದ್ದಕ್ಕಿದ್ದಂತೆ ಮೊಟಕಾಗಿ, ಒಣಗಿದಂತೆ ಕೇಳಿಸುತ್ತದೆ. ತಂತಿಗಳ ಕಂಪನವನ್ನು ತಡೆಯಲು ಲೆವಿನ್ ಅಲ್ಲಿ ತಮ್ಮ ಪುಟ್ಟ ಮಗಳ ಡೈಪರನ್ನು ತಂತಿಗಳ ಅಡಿಗೆ ತುರುಕಿದ್ದರು. ಮೂರನೆಯದಾದ ‘ಬಿಗ್ ಟೈಮ್’ ಹಾಡಿನಲ್ಲಿ ಲೆವಿನ್ ಎಡಗೈಯಿಂದ ಸ್ವರಸ್ಥಾನಗಳನ್ನು ಒತ್ತುತ್ತಿದ್ದರೆ, ಡ್ರಮ್ಸ್ ವಾದಕ ಜೆರ್ರಿ ಮರೋಟಾ ತಮ್ಮ ಕೋಲುಗಳಿಂದ ಬೇಸ್‌ನ ತಂತಿಗಳನ್ನೇ ಬಾರಿಸಿದರು. ವೇದಿಕೆಯ ಮೇಲೆ ಒಬ್ಬರೇ ಅದನ್ನು ಸಾಧಿಸುವುದು ಹೇಗೆಂಬ ಪ್ರಶ್ನೆ ಬಂದಾಗ, ಡ್ರಮ್ಸ್ ಕೋಲುಗಳನ್ನು ತುಂಡರಿಸಿ ಬೆರಳಿಗೆ ಕಟ್ಟಿಕೊಳ್ಳುವ ಉಪಾಯ ಹೊಳೆಯಿತು. ‘ಫಂಕ್ ಫಿಂಗರ್ಸ್’ ಎಂದು ಹೆಸರಾದ ಆ ಸಾಧನದ ಮೂಲ ಇದೇ. ಹಾಡನ್ನು ಕೇಳುವಾಗ ಪ್ರತಿ ಸ್ವರದ ಮೊದಲಿಗೆ ಬರುವ ಮರದ ಪೆಟ್ಟನ್ನು ಹುಡುಕಿರಿ.

ಇದಾದ ಮೇಲೆ ಕಿಂಗ್ ಕ್ರಿಮ್ಸನ್ ತಂಡದ 1981ರ ‘ಡಿಸಿಪ್ಲಿನ್’ ಆಲ್ಬಮ್‌ಗೆ ಬರಬಹುದು. ಗಿಟಾರ್ ವಾದಕರಾದ ರಾಬರ್ಟ್ ಫ್ರಿಪ್, ಏಡ್ರಿಯನ್ ಬೆಲ್ಯೂ ಮತ್ತು ಡ್ರಮ್ಸ್ ವಾದಕ ಬಿಲ್ ಬ್ರೂಫರ್ಡ್ ಅವರೊಂದಿಗೆ ಲೆವಿನ್ ಸೇರಿ ನಾಲ್ವರಾದ ಈ ತಂಡದಲ್ಲಿ ಅವರು ಚಾಪ್‌ಮನ್ ಸ್ಟಿಕ್ ಎಂಬ ವಾದ್ಯವನ್ನೂ ನುಡಿಸಿದರು. ಎಮ್ಮೆಟ್ ಚಾಪ್‌ಮನ್ ರೂಪಿಸಿದ, 1974ರಿಂದ ಮಾರಾಟಕ್ಕೆ ಬಂದ ಈ ವಾದ್ಯದಲ್ಲಿ ಸಾಮಾನ್ಯವಾಗಿ ಹತ್ತು ತಂತಿಗಳಿದ್ದು, ಐದು ಮಂದ್ರಕ್ಕೂ ಐದು ಮೇಲಿನ ಸ್ವರಗಳಿಗೂ ಮೀಸಲಾಗಿವೆ. ಮೀಟುವ ಕೆಲಸವೇ ಇಲ್ಲ. ಎರಡೂ ಕೈಗಳ ಬೆರಳುಗಳು ತಂತಿಯನ್ನು ಫ್ರೆಟ್‌ನ ಮೇಲೆ ತಟ್ಟಿದಾಗಲೇ ಸ್ವರ ಹುಟ್ಟುತ್ತದೆ, ಆದ್ದರಿಂದ ಒಬ್ಬರೇ ಎರಡು ಎಳೆಗಳನ್ನು ಏಕಕಾಲದಲ್ಲಿ ನಡೆಸಬಲ್ಲರು. ಆಲ್ಬಮ್‌ನ ಮೊದಲ ಹಾಡಾದ ‘ಎಲಿಫೆಂಟ್ ಟಾಕ್’ ಆರಂಭವಾಗುವುದು ಸ್ಟಿಕ್‌ನಿಂದಲೇ. ಆ ಆರಂಭದ ಕೆಲವು ಸೆಕೆಂಡುಗಳನ್ನು ಮತ್ತೆ ಮತ್ತೆ ಕೇಳಿ, ವಿನ್ಯಾಸವನ್ನು ಬಾಯಲ್ಲಿ ಹೇಳಿಕೊಳ್ಳಲು ಬರುವವರೆಗೆ ಮುಂದೆ ಹೋಗಬೇಡಿರಿ. ಬಳಿಕ ಗಿಟಾರುಗಳು ಬಂದು ಆನೆಯಂತೆ ಘೀಳಿಟ್ಟರೂ ನಿಮ್ಮ ಬಾಯಿ ಸ್ಟಿಕ್‌ನ ನಡೆಯನ್ನು ಬಿಡಬಾರದು. ಬಹಳ ಕೇಳುಗರು ಇಲ್ಲಿಯೇ ತಪ್ಪುವುದುಂಟು, ನಾಲ್ಕೈದು ದಿನ ಹಿಡಿದರೂ ಚಿಂತೆಯಿಲ್ಲ.

1990ರ ದಶಕದ ಕಿಂಗ್ ಕ್ರಿಮ್ಸನ್‌ನಲ್ಲಿ ಆರು ಮಂದಿ ಇದ್ದುದರಿಂದ ಲೆವಿನ್ ಅವರನ್ನು ಬೇರ್ಪಡಿಸಿ ಕೇಳುವುದು ಕಷ್ಟ; ಅದನ್ನು ಆಮೇಲೆ ನೋಡಿಕೊಳ್ಳಬಹುದು. ವೇಗದ ವಾದನ ಇಷ್ಟಪಡುವವರು 1998ರ ‘ಲಿಕ್ವಿಡ್ ಟೆನ್ಶನ್ ಎಕ್ಸ್‌ಪೆರಿಮೆಂಟ್’ ಆಲ್ಬಮ್ ಕೇಳಲಿ. ಅಣ್ಣ ಪೀಟ್ ಲೆವಿನ್ ಅವರ ಕೀಬೋರ್ಡ್ ಜೊತೆಗೆ ಮಾಡಿದ 2014ರ ಜಾಝ್ ಆಲ್ಬಮ್ ಬೇರೆಯೇ ಹದದ್ದು.

2024ರಲ್ಲಿ, 78ನೆಯ ವಯಸ್ಸಿನಲ್ಲಿ, ಲೆವಿನ್ ‘ಬೀಟ್’ ಎಂಬ ತಂಡದೊಂದಿಗೆ ಪ್ರವಾಸ ಹೊರಟು, ಬೆಲ್ಯೂ, ಗಿಟಾರ್ ವಾದಕ ಸ್ಟೀವ್ ವಾಯ್, ಡ್ರಮ್ಸ್ ವಾದಕ ಡ್ಯಾನಿ ಕ್ಯಾರಿ ಅವರ ಜೊತೆಗೆ 1980ರ ದಶಕದ ಅದೇ ಕಿಂಗ್ ಕ್ರಿಮ್ಸನ್ ಸಂಗೀತವನ್ನು ವೇದಿಕೆಗೆ ತಂದರು. 1981ರ ಧ್ವನಿಮುದ್ರಣ ಬಾಯಿಪಾಠವಾದ ಮೇಲೆ ಆ ಪ್ರವಾಸದ ವಿಡಿಯೊ ಸಿಕ್ಕರೆ ನೋಡಿರಿ: ಮೊದಲು ಕಣ್ಣು ಮುಚ್ಚಿ ಸ್ಟಿಕ್‌ನ ಎರಡು ಎಳೆಗಳನ್ನು ಕಿವಿಯಿಂದ ಬಿಡಿಸಿಕೊಂಡು, ಅನಂತರ ಕಣ್ಣು ತೆರೆದು ಯಾವ ಎಳೆ ಯಾವ ಕೈಯದೆಂದು ಪರೀಕ್ಷಿಸಿಕೊಳ್ಳಿರಿ.